ಖಾಲಿ ಇದ್ದ ಸಲಹಾ ಪೆಟ್ಟಿಗೆ

ನಾನು ಮುಖ್ಯೋಪಾಧ್ಯಾಯನಾಗಿದ್ದ ಸರ್ಕಾರಿ ಪ್ರೌಢಶಾಲೆಯ ಜಗುಲಿಯಲ್ಲಿ ಒಂದು ಸಲಹಾ ಪೆಟ್ಟಿಗೆ ಇತ್ತು. ಹಸಿರು ಬಣ್ಣದ ತಗಡಿನದು, ಮೇಲ್ಗಡೆ ಅಂಚೆ ಡಬ್ಬಿಗೆ ಇರುವಂಥ ಸೀಳು, ಮುಂದುಗಡೆ ಸಣ್ಣ ಬೀಗ. ಬೀಗದ ಕೈ ನನ್ನ ಮೇಜಿನ ಡ್ರಾಯರಿನಲ್ಲಿರುತ್ತಿತ್ತು. ಪೆಟ್ಟಿಗೆ ತೂಗುಹಾಕಿದ್ದದ್ದು ನನ್ನ ಕೋಣೆಯ ಕಿಟಕಿಗೆ ನೇರ ಎದುರಿಗೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾನೇ ಹೋಗಿ ಅದನ್ನು ತೆಗೆಯುತ್ತಿದ್ದೆ. ನಾಲ್ಕು ವರ್ಷಗಳಲ್ಲಿ ಅದರಲ್ಲಿ ಸಿಕ್ಕಿದ್ದು ಚಾಕೊಲೇಟಿನ ಕಾಗದ ಮತ್ತು ಒಮ್ಮೆ ಒಂದು ಮುರಿದ ಪೆನ್ನಿನ ಮುಚ್ಚಳ. ಇಲಾಖೆಯಿಂದ ತಪಾಸಣೆಗೆ ಬಂದವರಿಗೆ ನಾನು ಪೆಟ್ಟಿಗೆ ತೋರಿಸಿ, "ನಮ್ಮಲ್ಲಿ ದೂರು ಅಂತ ಬರೋದೇ ಇಲ್ಲ ಸರ್" ಎನ್ನುತ್ತಿದ್ದೆ. ಹಾಗೆ ಹೇಳುವಾಗ ನನಗೆ ನಿಜವಾಗಿಯೂ ಹೆಮ್ಮೆಯಾಗುತ್ತಿತ್ತು.

ಒಂದು ಜುಲೈ ತಿಂಗಳು. ಬಿಸಿಯೂಟ ಆದ ಮೇಲೆ ಹುಣಸೆಮರದ ಬುಡದಲ್ಲಿ ಅನ್ನ ಚೆಲ್ಲಿರುವುದು ಕಣ್ಣಿಗೆ ಬಿತ್ತು. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಬೆಳಗಿನ ಪ್ರಾರ್ಥನೆಯಲ್ಲಿ ಮೈಕು ಹಿಡಿದು ಅನ್ನದ ಬೆಲೆ, ರೈತನ ಬೆವರು ಎಂದು ಹತ್ತು ನಿಮಿಷ ಮಾತಾಡಿದೆ. ಹಿಂದಿನ ದಿನ ತಟ್ಟೆ ಬಗ್ಗಿಸುವಾಗ ನಾನು ನೋಡಿದ್ದ ಎಂಟನೆಯ ತರಗತಿಯ ಹುಡುಗಿಯನ್ನು ಮುಂದೆ ಕರೆದು, ಪ್ರಾರ್ಥನೆ ಮುಗಿಯುವತನಕ ಎಲ್ಲರ ಎದುರಿಗೆ ನಿಲ್ಲಿಸಿದೆ. ಅವಳು ಏನೂ ಹೇಳಲಿಲ್ಲ. ಆವತ್ತು ಮಧ್ಯಾಹ್ನ ಕೆಲಸ ತಡವಾಗಿ, ಮನೆಗೆ ಊಟಕ್ಕೆ ಹೋಗಲಾಗದೆ, ಶಾಲೆಯ ಅನ್ನವನ್ನೇ ತರಿಸಿಕೊಂಡೆ. ಮೊದಲ ತುತ್ತಿಗೇ ಮುಗ್ಗಲು ವಾಸನೆ ಬಡಿಯಿತು. ತಟ್ಟೆಯ ಅಂಚಿನಲ್ಲಿ ಬೆಂದು ಬಿಳಿಚಿದ ಎರಡು ಹುಳ.

ಅಡುಗೆ ಮನೆಗೆ ಹೋದೆ. ಅಡುಗೆಯಮ್ಮ ಪಾತ್ರೆಗೆ ನೀರು ಹಾಕುತ್ತಿದ್ದರು. ಅಕ್ಕಿ ಹೀಗಾಗಿ ಎಷ್ಟು ದಿನವಾಯಿತು ಎಂದೆ. ಒಂಬತ್ತು ದಿನ ಎಂದರು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವಿದೆ. ಪುಸ್ತಕ ತೆಗೆದು ನೋಡಿದೆ. ಒಂಬತ್ತು ದಿನವೂ ಬೇರೆಬೇರೆ ಕೈಬರಹದಲ್ಲಿ ಒಂದೇ ಮಾತು: ಉತ್ತಮ.

"ಯಾಕಮ್ಮ, ಒಂದು ಮಾತು ನನಗೆ ಹೇಳಬಾರದಿತ್ತಾ?"

ಆಕೆ ಕೈ ಒರೆಸಿಕೊಂಡರು. "ಹೋದ ವರ್ಷ ಬೇಳೆ ಕಮ್ಮಿ ಬಂದೈತೆ ಅಂತ ಹೇಳಕ್ಕೆ ಬಂದಿದ್ದೆ ಸಾ. ನೀವೇನಂದ್ರಿ, ಗ್ಯಾನ ಐತಾ? ಲೆಕ್ಕ ನಾನು ನೋಡ್ಕೋತೀನಿ, ನೀನು ಒಲೆ ನೋಡ್ಕೋ ಅಂದ್ರಿ. ಅದಕ್ಕೇ ಒಲೆ ನೋಡ್ಕೊಂಡಿದ್ದೆ."

ನನಗೆ ನೆನಪಿರಲಿಲ್ಲ. ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ನಾನು ದಿನಚರಿ ಬರೆಯುವವನು. ಇಪ್ಪತ್ತು ವರ್ಷದ ಅಭ್ಯಾಸ. ರಾತ್ರಿ ಮಲಗುವ ಮುಂಚೆ ಆ ದಿನ ನಾನು ಮಾಡಿದ್ದು ಸರಿಯೇ, ಯಾರ ಮನಸ್ಸನ್ನಾದರೂ ನೋಯಿಸಿದೆನೇ ಎಂದು ನೋಡಿಕೊಂಡು ನಾಲ್ಕು ಸಾಲು ಗೀಚದೆ ಮಲಗಿದ್ದಿಲ್ಲ. ಮನೆಗೆ ಬಂದು ಹಿಂದಿನ ವರ್ಷದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಮುಂಗೋಪ ಬಿಡಬೇಕು ಎಂದು ಹನ್ನೊಂದು ಕಡೆ ಬರೆದಿತ್ತು. ಬೇಳೆಯ ಮಾತು ಎಲ್ಲೂ ಇರಲಿಲ್ಲ. ನನ್ನ ತಪ್ಪುಗಳನ್ನು ನಾನೇ ಹುಡುಕಿ ನಾನೇ ಬರೆದುಕೊಂಡ ಆ ಪುಸ್ತಕದಲ್ಲಿ, ಒಂಬತ್ತು ದಿನ ನೂರಾರು ಮಕ್ಕಳು ಹಸಿದಿರುವುದಕ್ಕೆ ಕಾರಣವಾದ ಒಂದೇ ಒಂದು ವಾಕ್ಯಕ್ಕೆ ಜಾಗ ಸಿಕ್ಕಿರಲಿಲ್ಲ.

ಅಲ್ಲಿಂದೀಚೆಗೆ, ಮುಂದಾಳಾದವನು ತನ್ನನ್ನು ತಾನು ಅರಿಯುವುದು ಎಂದರೇನು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಶಾಲೆಯ ಮುಖ್ಯಸ್ಥನಾಗಲಿ, ಸಹಕಾರ ಸಂಘದ ಅಧ್ಯಕ್ಷನಾಗಲಿ, ದೇಶದ ಪ್ರಧಾನಿಯಾಗಲಿ, ಕುರ್ಚಿಯ ಎತ್ತರ ಬೇರೆಯಾದರೂ ಕಷ್ಟ ಒಂದೇ.

ಈ ವಿಷಯ ಯೋಚಿಸುವಾಗ ನನಗೆ ಮತ್ತೆಮತ್ತೆ ನೆನಪಾಗುವವರು ಜವಾಹರಲಾಲ್ ನೆಹರೂ. 1937ರ ನವೆಂಬರಿನಲ್ಲಿ, ಕಲ್ಕತ್ತಾದಿಂದ ರಾಮಾನಂದ ಚಟರ್ಜಿಯವರು ಹೊರಡಿಸುತ್ತಿದ್ದ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ 'ರಾಷ್ಟ್ರಪತಿ' ಎಂಬ ಲೇಖನ ಬಂತು. ಆಗ ಕಾಂಗ್ರೆಸ್ ಅಧ್ಯಕ್ಷರನ್ನು ಜನ ಹಾಗೆ ಕರೆಯುತ್ತಿದ್ದರು. ಲೇಖಕನ ಹೆಸರು ಚಾಣಕ್ಯ. ಲಖನೌ ಮತ್ತು ಫೈಜಪುರದ ಅಧಿವೇಶನಗಳಲ್ಲಿ ಬೆನ್ನುಬೆನ್ನಿಗೆ ಎರಡು ಸಲ ಅಧ್ಯಕ್ಷರಾಗಿದ್ದ ನೆಹರೂ ಮೂರನೆಯ ಸಲವೂ ಆಗಬೇಕೇ ಎಂಬ ಚರ್ಚೆ ನಡೆದಿದ್ದ ಹೊತ್ತು ಅದು. ಬೇಡವೇ ಬೇಡ ಎಂದು ಚಾಣಕ್ಯ ಬರೆದ. ಜನಸಂದಣಿಯ ನಡುವೆ ಕಾರಿನಲ್ಲಿ ಎದ್ದು ನಿಂತು ಕೈಮುಗಿಯುತ್ತ ನಗುವ ಈ ಮನುಷ್ಯನ ನಗೆ ಸಹಜವೋ ಕಲಿತದ್ದೋ ಎಂದು ಕೇಳಿದ. ಜನಪ್ರಿಯತೆ, ಹಟ, ಚೈತನ್ಯ, ಗರ್ವ, ಜೊತೆಗೆ ಇತರರ ಬಗ್ಗೆ ಅಸಹನೆ, ಕೆಲಸದಲ್ಲಿ ಹಿಂದೆ ಬಿದ್ದವರ ಬಗ್ಗೆ ತಾತ್ಸಾರ, ಸರ್ವಾಧಿಕಾರಿಗೆ ಬೇಕಾದ್ದೆಲ್ಲ ಈತನಲ್ಲಿದೆ, ಸ್ವಲ್ಪ ದಾರಿ ತಿರುಗಿದರೆ ಸಾಕು ಎಂದು ಎಚ್ಚರಿಸಿದ. ದೇಶಕ್ಕೆ ಸೀಸರ್‌ಗಳು ಬೇಡ ಎಂದ. ಚಾಣಕ್ಯ ಎಂದರೆ ನೆಹರೂ ಅವರೇ ಎಂಬುದು ಆಮೇಲೆ ಲೋಕಕ್ಕೆ ಗೊತ್ತಾಯಿತು.

ಈ ಲೇಖನದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಹಿಟ್ಲರ್, ಮುಸೊಲಿನಿಯರ ಕಾಲ ಅದು. ಲಕ್ಷ ಲಕ್ಷ ಜನ ಜೈಕಾರ ಹಾಕುತ್ತಿರುವಾಗ, ನಲವತ್ತೆಂಟರ ಅಂಚಿನಲ್ಲಿದ್ದ ಒಬ್ಬ ನಾಯಕ ಆ ಜೈಕಾರ ತನ್ನೊಳಗೆ ಏನು ಮಾಡುತ್ತಿದೆ ಎಂದು ನೋಡಿಕೊಂಡು ಅಚ್ಚು ಹಾಕಿಸಿದ. ನಮ್ಮ ರಾಜಕಾರಣದಲ್ಲಿ ಇಂಥ ಇನ್ನೊಂದು ಬರಹವನ್ನು ನಾನು ಓದಿಲ್ಲ. ಆದರೆ ಇಪ್ಪತ್ತೆರಡು ವರ್ಷಗಳ ನಂತರ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ಓದಿದಾಗ ಮನಸ್ಸು ಭಾರವಾಗುತ್ತದೆ.

ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೊಡಂದೇರ ತಿಮ್ಮಯ್ಯನವರು 1957ರಿಂದ ಭೂಸೇನೆಯ ಮುಖ್ಯಸ್ಥರಾಗಿದ್ದರು. 1948ರಲ್ಲಿ ಜೋಜಿ ಲಾ ಕಣಿವೆಗೆ, ಯಾರೂ ಊಹಿಸದ ಎತ್ತರಕ್ಕೆ, ಟ್ಯಾಂಕು ಹತ್ತಿಸಿದವರು. ಕೊರಿಯಾದಲ್ಲಿ ಯುದ್ಧಕೈದಿಗಳ ವಾಪಸಾತಿಯ ಆಯೋಗ ನಡೆಸಿ ಲೋಕದ ಮೆಚ್ಚುಗೆ ಪಡೆದವರು. ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಸೇನೆಯ ಬಡ್ತಿಗಳಲ್ಲಿ ಕೈಹಾಕುತ್ತಿದ್ದಾರೆ, ಹಿರಿಯ ಅಧಿಕಾರಿಗಳ ಮಾತಿಗೆ ಬೆಲೆ ಇಲ್ಲ ಎಂಬ ನೋವು ಅವರಲ್ಲಿ ಬೆಳೆದಿತ್ತು. 1959ರ ಆಗಸ್ಟ್ 25ರಂದು ಈಶಾನ್ಯ ಗಡಿಯ ಲೊಂಗ್ಜುವಿನಲ್ಲಿ ಚೀನೀ ಸೈನಿಕರೊಂದಿಗೆ ಗುಂಡಿನ ಚಕಮಕಿಯಾಯಿತು. ಅದೇ ತಿಂಗಳ 31ರಂದು ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಕರೆಸಿ ಮಾತಾಡಿದರು, ಸಮಾಧಾನ ಹೇಳಿದರು, ರಾಜೀನಾಮೆ ಹಿಂದಕ್ಕೆ ಪಡೆಯುವಂತೆ ಒಲಿಸಿದರು. ತಿಮ್ಮಯ್ಯ ನಂಬಿ ಒಪ್ಪಿದರು. ಸೆಪ್ಟೆಂಬರ್ 2ರಂದು ಪ್ರಧಾನಿ ಸಂಸತ್ತಿನಲ್ಲಿ ಎದ್ದು ನಿಂತು, ಇದೆಲ್ಲ ಸ್ವಭಾವಗಳು ಹೊಂದದ್ದರಿಂದ ಆದ ಸಣ್ಣ ವಿಷಯ, ಸೇನಾ ಮುಖ್ಯಸ್ಥರ ನಡೆ ಸರಿಯಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ಸೇನೆ ಚುನಾಯಿತ ಸರ್ಕಾರದ ಅಧೀನದಲ್ಲಿರಬೇಕು ಎಂದೂ ಹೇಳಿದರು.

ಆ ಕೊನೆಯ ಮಾತು ಪೂರ್ತಿ ಸರಿ. ನೆರೆಯ ದೇಶದಲ್ಲಿ ಸೇನೆ ಅಧಿಕಾರ ಹಿಡಿದು ಒಂದು ವರ್ಷವೂ ಆಗಿರಲಿಲ್ಲ. ಅದಕ್ಕೇ ಆ ಗಳಿಗೆ ಇಷ್ಟು ಕಲಿಸುತ್ತದೆ ಎನಿಸುತ್ತದೆ ನನಗೆ. ನಾಯಕ ತನಗೆ ಬೇಡವಾದ ಮಾತನ್ನು ತಳ್ಳಿಹಾಕುವಾಗ ಸಾಮಾನ್ಯವಾಗಿ ಒಂದು ಸರಿಯಾದ ತತ್ವವನ್ನೇ ಮುಂದೆ ಹಿಡಿದಿರುತ್ತಾನೆ. ಶಾಲೆಯ ಲೆಕ್ಕಕ್ಕೆ ಮುಖ್ಯೋಪಾಧ್ಯಾಯನೇ ಹೊಣೆ ಎಂಬುದೂ ಸರಿಯಾದ ತತ್ವವೇ. ಆದರೆ ತತ್ವ ಕೇಳಿಸುವ ಆ ದನಿಯಲ್ಲಿ, ಎದುರಿಗಿದ್ದವರಿಗೆ ಇನ್ನು ಮುಂದೆ ಬಾಯಿ ಬಿಡಬೇಡ ಎಂದಷ್ಟೇ ಕೇಳುತ್ತದೆ.

ಆಮೇಲಿನದು ನಮಗೆಲ್ಲ ಗೊತ್ತಿರುವ ಕತೆ. ತಿಮ್ಮಯ್ಯ 1961ರಲ್ಲಿ ನಿವೃತ್ತರಾದರು. ಯುದ್ಧಭೂಮಿಯಲ್ಲಿ ಪಡೆ ನಡೆಸಿದ ಅನುಭವವೇ ಇಲ್ಲದ ಬಿ. ಎಂ. ಕೌಲ್ ಅವರಿಗೆ 1962ರ ಅಕ್ಟೋಬರಿನಲ್ಲಿ ಈಶಾನ್ಯ ಗಡಿಯ ಹೊಣೆ ಹೋಯಿತು. ಅಕ್ಟೋಬರ್ 20ಕ್ಕೆ ಚೀನಾ ನುಗ್ಗಿತು. ಬೇಸಿಗೆಯ ಬಟ್ಟೆಯಲ್ಲೇ ಹಿಮದಲ್ಲಿ ನಿಂತ ಹುಡುಗರು ಸತ್ತರು. ಕೆಲವೇ ದಿನಗಳಲ್ಲಿ ನೆಹರೂ, ನಾವು ವಾಸ್ತವದಿಂದ ದೂರವಾಗಿ ನಾವೇ ಕಟ್ಟಿಕೊಂಡ ಕೃತಕ ವಾತಾವರಣದಲ್ಲಿ ಬದುಕುತ್ತಿದ್ದೆವು ಎಂದು ಬಹಿರಂಗವಾಗಿಯೇ ಒಪ್ಪಿಕೊಂಡರು. ಪ್ರಾಮಾಣಿಕವಾದ ಮಾತು. ಆದರೆ ಮೂರು ವರ್ಷ ತಡವಾಗಿತ್ತು.

ಇತರರ ಬಗ್ಗೆ ಅಸಹನೆ ತನ್ನ ದೊಡ್ಡ ದೋಷ ಎಂದು 1937ರಲ್ಲೇ ಕಂಡುಕೊಂಡು ಬರೆದಿಟ್ಟ ಮನುಷ್ಯ, 1959ರಲ್ಲಿ ಅದೇ ಅಸಹನೆ ಎದ್ದಾಗ ಗುರುತು ಹಿಡಿಯಲಿಲ್ಲ. ಯಾಕೆ? ಅವರು ಅಪ್ರಾಮಾಣಿಕರಾಗಿದ್ದರೆಂದು ನಾನು ಒಪ್ಪುವುದಿಲ್ಲ. ಅಹಂಕಾರ ಎಂದುಬಿಡುವುದು ಸುಲಭ, ಅದರಿಂದ ಏನೂ ತಿಳಿಯುವುದಿಲ್ಲ. ಚಾಣಕ್ಯನ ಲೇಖನದಲ್ಲಿ ಆರೋಪಿ, ಆರೋಪ ಹೊರಿಸುವವನು, ತೀರ್ಪು ಕೊಡುವವನು ಮೂವರೂ ನೆಹರೂ ಅವರೇ. ಎಲ್ಲಿ ಚುಚ್ಚಬೇಕು, ಎಷ್ಟು ಆಳಕ್ಕೆ ಚುಚ್ಚಬೇಕು ಎಂಬುದು ಅವರ ಕೈಯಲ್ಲೇ ಇತ್ತು. ತಿಮ್ಮಯ್ಯನವರ ರಾಜೀನಾಮೆ ಪತ್ರ ಹಾಗೆ ಅವರ ಕೈಯಲ್ಲಿರಲಿಲ್ಲ. ತನ್ನ ದೋಷದ ಬಗ್ಗೆ ತಾನೇ ಬರೆದ ಮಾತು ಎಷ್ಟೇ ಕಟುವಾಗಿದ್ದರೂ ಅದರಲ್ಲಿ ಒಂದು ಸುಖವಿದೆ. ಅದೇ ದೋಷವನ್ನು ಕೆಳಗಿನವರು ಎದುರು ನಿಂತು ಹೇಳಿದಾಗ ಆ ಸುಖ ಇರುವುದಿಲ್ಲ.

ನನ್ನ ದಿನಚರಿಯ ಹನ್ನೊಂದು ಮುಂಗೋಪಗಳನ್ನು ಈಗ ನೋಡಿದರೆ ಇದೇ ಕಾಣುತ್ತದೆ. ಒಮ್ಮೆ ಮುಖ್ಯೋಪಾಧ್ಯಾಯರಿಗೆ ನಾಯಕತ್ವ ತರಬೇತಿ ನಡೆದಿತ್ತು. ಕಣ್ಣು ಮುಚ್ಚಿಸಿ ಧ್ಯಾನ ಮಾಡಿಸಿದರು, ಆಮೇಲೆ ನಮ್ಮ ನಮ್ಮ ದೌರ್ಬಲ್ಯ ಬರೆಯಲು ಹೇಳಿದರು. ಒಬ್ಬೊಬ್ಬರೂ ಎದ್ದು ಓದಿದೆವು. ಶಿಸ್ತು ಅತಿಯಾಯಿತು, ಕೆಲಸದಲ್ಲಿ ಮುಳುಗಿ ಮನೆ ಮರೆಯುತ್ತೇನೆ, ಬೇಗ ಸಿಟ್ಟು ಬರುತ್ತದೆ ಆದರೆ ಬೇಗ ಇಳಿಯುತ್ತದೆ. ನನ್ನನ್ನು ಕಂಡರೆ ಜನ ಹೆದರುತ್ತಾರೆ ಎಂದು ಅಷ್ಟು ಮಂದಿಯಲ್ಲಿ ಒಬ್ಬರೂ ಬರೆದಿರಲಿಲ್ಲ. ಸುಳ್ಳು ಬರೆದೆವೆಂದಲ್ಲ. ಹೆದರಿಕೆ ಕಾಣುವುದು ಹೆದರುವವರಿಗೆ. ಹೆದರಿಸುವವನಿಗೆ ಕಾಣುವುದು ವಿನಯ, ಗೌರವ, ಒಪ್ಪಿಗೆ. ನಾನು ಒಳಗೆ ಕಾಲಿಟ್ಟ ಕೂಡಲೇ ಸ್ಟಾಫ್ ರೂಮಿನಲ್ಲಿ ಮಾತು ತಗ್ಗುತ್ತಿತ್ತು, ಕುರ್ಚಿ ಸರಿಯುತ್ತಿತ್ತು. ನಾನಿಲ್ಲದ ಸ್ಟಾಫ್ ರೂಮನ್ನು ನಾನು ಒಮ್ಮೆಯೂ ನೋಡಿಲ್ಲ, ನೋಡುವುದು ಸಾಧ್ಯವೂ ಇಲ್ಲ. ಅಲ್ಲಿ ಕೂತವರಿಗೆ ಎರಡೂ ಗೊತ್ತು. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಹೇಳಿದ್ದು ಬರೀ ನೀತಿಯ ಮಾತಲ್ಲ, ಕಣ್ಣಿನ ರಚನೆಯ ಮಾತು. ಬೆನ್ನು ನೋಡಬೇಕಾದರೆ ಇನ್ನೊಬ್ಬರ ಕಣ್ಣು ಬೇಕೇ ಬೇಕು.

ನಾನು ವಿಚಾರವಾದದ ಗಾಳಿಯಲ್ಲಿ ಬೆಳೆದವನು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದಾಗ ನಾವು ಕಾಲೇಜು ಹುಡುಗರು ಅದರ ಬಗ್ಗೆಯೇ ಮಾತಾಡುತ್ತಿದ್ದೆವು. ಗಾಳಿಯಿಂದ ವಿಭೂತಿ ತೆಗೆಯುವವರು ಪರೀಕ್ಷೆಗೆ ಒಪ್ಪಬೇಕು, ನೋಡುವವರು ಬೇರೆಯವರಾಗಿರಬೇಕು ಎಂಬ ನ್ಯಾಯ ನಮಗೆ ಬಲು ಹಿಡಿಸಿತ್ತು. ಆ ನ್ಯಾಯವನ್ನು ನಾನು ನಾನೆಂಬ ವಿಷಯಕ್ಕೆ ಅನ್ವಯಿಸಿಕೊಳ್ಳಲೇ ಇಲ್ಲ. ನಾನು ಒಳ್ಳೆಯ ಮುಖ್ಯೋಪಾಧ್ಯಾಯ ಎಂಬುದೂ ಒಂದು ಹೇಳಿಕೆ. ಅದಕ್ಕೂ ಪುರಾವೆ ಬೇಕು, ಅದು ಸುಳ್ಳಾಗಲು ಅವಕಾಶ ಇರಬೇಕು, ಪರೀಕ್ಷಿಸುವವರು ನಾನಾಗಿರಬಾರದು. ಖಾಲಿ ಪೆಟ್ಟಿಗೆಯನ್ನು ನಾನು ಪುರಾವೆ ಎಂದುಕೊಂಡಿದ್ದೆ. ಬೀಗದ ಕೈ ನನ್ನ ಹತ್ತಿರ, ಹಾಕುವವರ ಮುಖ ನನ್ನ ಕಿಟಕಿಗೆ ಕಾಣುವಂತೆ, ಹೀಗೆ ತೂಗುಹಾಕಿದ ಪೆಟ್ಟಿಗೆ ಖಾಲಿ ಇರದೆ ಇನ್ನೇನಾದೀತು?

ನೆಹರೂ ಅವರ ವಿಷಯಕ್ಕೇ ಮರಳಿದರೆ, ಅವರು ಕೇಳಿಸಿಕೊಂಡ ಸಂದರ್ಭಗಳೂ ಇವೆ, ಅವನ್ನು ಹೇಳದಿದ್ದರೆ ಅನ್ಯಾಯ. 1957ರ ಡಿಸೆಂಬರಿನಲ್ಲಿ ಅವರ ಅಳಿಯ ಫಿರೋಜ್ ಗಾಂಧಿ, ತಮ್ಮದೇ ಪಕ್ಷದ ಸರ್ಕಾರದ ವಿರುದ್ಧ ಲೋಕಸಭೆಯಲ್ಲಿ ಎದ್ದರು. ಜೀವ ವಿಮಾ ನಿಗಮ ಹರಿದಾಸ್ ಮುಂದ್ರಾ ಎಂಬ ವ್ಯಾಪಾರಿಯ ಕಂಪನಿಗಳಲ್ಲಿ ಒಂದೂಕಾಲು ಕೋಟಿಯಷ್ಟು ಹಣ ತೊಡಗಿಸಿದ್ದರ ಬಗ್ಗೆ ಅವರ ಪ್ರಶ್ನೆ. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಮುಂಬಯಿಯಲ್ಲಿ ಸಾರ್ವಜನಿಕರ ಎದುರಿಗೇ ವಿಚಾರಣೆ ನಡೆಸಿದರು. ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ 1958ರ ಫೆಬ್ರುವರಿಯಲ್ಲಿ ಕುರ್ಚಿ ಬಿಟ್ಟರು. ಪ್ರಧಾನಿಗೆ ಇದು ಹಿತವಾಗಿರಲಿಲ್ಲ, ಆದರೂ ನುಂಗಿಕೊಂಡರು. ಅದೇ ಮನುಷ್ಯ, ಅದೇ ವರ್ಷಗಳು. ವ್ಯತ್ಯಾಸ ಇದ್ದದ್ದು ಜಾಗದಲ್ಲಿ. ಲೋಕಸಭೆಯಲ್ಲಿ ಎದ್ದು ನಿಂತವನನ್ನು ನಿನ್ನ ಒಲೆ ನೋಡಿಕೋ ಎಂದು ಕಳಿಸಲಾಗುವುದಿಲ್ಲ. ರಕ್ಷಣಾ ಇಲಾಖೆಯ ಮುಚ್ಚಿದ ಬಾಗಿಲ ಹಿಂದೆ ಕಳಿಸಬಹುದಿತ್ತು. ಇಲ್ಲಿ ಅಂಬೇಡ್ಕರರನ್ನು ನೆನೆಯಬೇಕು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು, ಎಷ್ಟೇ ದೊಡ್ಡವನಾದರೂ ಒಬ್ಬನ ಪಾದಕ್ಕೆ ನಮ್ಮ ಸ್ವಾತಂತ್ರ್ಯ ಒಪ್ಪಿಸಬಾರದು, ರಾಜಕೀಯದಲ್ಲಿ ಭಕ್ತಿ ಅಧಃಪತನದ ದಾರಿ ಎಂದು ಎಚ್ಚರಿಸಿದ್ದರು. ನಾವು ಅದನ್ನು ಪ್ರಜೆಗಳಿಗೆ ಹೇಳಿದ ಮಾತು ಎಂದು ಓದುತ್ತೇವೆ. ಭಕ್ತರಿಂದ ಮೊದಲು ಕುರುಡಾಗುವವನು ಭಕ್ತಿಗೆ ಗುರಿಯಾದವನೇ ಎಂಬುದನ್ನೂ ಅದರಲ್ಲಿ ಓದಬೇಕು.

ಆ ಮುಚ್ಚಿದ ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ. 1962ರ ಸೋಲಿನ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ ವರದಿ 1963ರಲ್ಲೇ ಸಿದ್ಧವಾಯಿತು. ಆರು ದಶಕ ದಾಟಿದರೂ, ಎಲ್ಲ ಬಣ್ಣದ ಪಕ್ಷಗಳೂ ಅಧಿಕಾರದಲ್ಲಿ ಕೂತು ಎದ್ದರೂ, ಒಂದು ಸರ್ಕಾರವೂ ಅದನ್ನು ಪೂರ್ತಿಯಾಗಿ ಪ್ರಕಟಿಸಿಲ್ಲ.

ತನ್ನ ತಪ್ಪನ್ನು ತಾನೇ ಬರೆಸಿಟ್ಟ ಇನ್ನೊಬ್ಬ ಮುಂದಾಳು ನನಗೆ ನೆನಪಾದದ್ದು ಒಂದು ಪ್ರಯಾಣದಲ್ಲಿ. ನಿವೃತ್ತಿಯ ಮರುವರ್ಷ ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಿದ್ದೆ. ಭೀಮಾ ನದಿಯ ದಂಡೆ, ಚಂದ್ರಲಾಂಬಾ ದೇವಾಲಯ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯಲ್ಲಿ ಅಕ್ಷರಗಳು ಕಂಡವು. ಅವು ಅಶೋಕನ ಶಾಸನದ ಅಕ್ಷರಗಳು. ಮೂರ್ತಿ ನಿಲ್ಲಿಸಲು ನಡುವೆ ಕೊರೆದ ತೂತಿನಲ್ಲಿ ಒಂದಷ್ಟು ಮಾತು ಹೋಗಿಬಿಟ್ಟಿದೆ.

ಅಶೋಕ ಎಂದರೆ ನಮಗೆಲ್ಲ ನೆನಪಾಗುವುದು ಪಶ್ಚಾತ್ತಾಪ. ಅವನ 13ನೆಯ ಬಂಡೆಶಾಸನದಲ್ಲಿ ಲೆಕ್ಕವೂ ಇದೆ: ಕಳಿಂಗದಲ್ಲಿ ಸತ್ತವರು ಒಂದು ಲಕ್ಷ, ಸೆರೆಹಿಡಿದು ಸಾಗಿಸಿದವರು ಒಂದೂವರೆ ಲಕ್ಷ, ಆಮೇಲೆ ಸತ್ತವರು ಅದರ ಎಷ್ಟೋ ಪಟ್ಟು. ಗೆದ್ದ ಅರಸನೊಬ್ಬ ತನ್ನ ಗೆಲುವನ್ನು ನೋವೆಂದು ಕಲ್ಲಿನಲ್ಲಿ ಕೊರೆಸಿದ್ದಕ್ಕೆ ಪ್ರಾಚೀನ ಲೋಕದಲ್ಲಿ ಹೋಲಿಕೆ ಸಿಗುವುದು ಕಷ್ಟ. ಗುಜರಾತಿನ ಗಿರ್ನಾರಿನಲ್ಲಿ ಅದು ಇದೆ, ವಾಯವ್ಯದ ಶಹಬಾಜ್‌ಗಢಿಯಲ್ಲಿ ಇದೆ, ನಮ್ಮ ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಇದೆ. ಕಳಿಂಗದಲ್ಲೇ ಇಲ್ಲ. ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಆ ಶಾಸನವನ್ನು ಬಿಟ್ಟು, ಅಲ್ಲಿನ ಅಧಿಕಾರಿಗಳಿಗೆ ಎರಡು ಪ್ರತ್ಯೇಕ ಶಾಸನ ಬರೆಸಿದ್ದಾನೆ. ಎಲ್ಲ ಮನುಷ್ಯರೂ ನನ್ನ ಮಕ್ಕಳಿದ್ದಂತೆ, ಯಾರನ್ನೂ ಸುಮ್ಮನೆ ಸೆರೆಗೆ ಹಾಕಬೇಡಿ, ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನಗಳಿಂದ ಕೆಲಸ ಕೆಡುತ್ತದೆ ಎಂಬಂಥ ಬುದ್ಧಿಮಾತು. ಆ ಎರಡು ಶಾಸನಗಳೇ ಸನ್ನತಿಯ ಕಲ್ಲಿನ ಒಂದು ಬದಿಯಲ್ಲಿವೆ. ಇನ್ನೊಂದು ಬದಿಯಲ್ಲಿ 12 ಮತ್ತು 14ನೆಯವು. ಸಿಕ್ಕಿರುವ ಕಲ್ಲಿನಲ್ಲಿ 13ನೆಯದು ಇಲ್ಲ.

ನಾನು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಕಳಿಂಗದಲ್ಲಿ ಆ ಶಾಸನವನ್ನು ಬರೆಸದಿರಲು ರಾಜ್ಯವಾಳುವವನಿಗೆ ರಾಜಕಾರಣದ ಕಾರಣಗಳು ಇರುತ್ತವೆ, ಗಾಯ ಕೆದಕಬಾರದೆಂಬ ಎಚ್ಚರವೂ ಇದ್ದೀತು. ಆದರೂ, ಗಂಡನನ್ನೋ ಮಗನನ್ನೋ ಕಳೆದುಕೊಂಡ ಕಳಿಂಗದ ಹೆಣ್ಣಿಗೆ ಅರಸನ ಪಶ್ಚಾತ್ತಾಪ ಮುಟ್ಟಲಿಲ್ಲ. ದೂರದ ಗಿರ್ನಾರಿನ ದಾರಿಹೋಕ ಅದನ್ನು ಕೇಳಿ ಅರಸ ಎಷ್ಟು ದೊಡ್ಡವನು ಎಂದುಕೊಂಡು ಹೋದ. ಅವಳು ಕೇಳಿದ್ದರೆ ಬೇರೆ ಏನೋ ಹೇಳುತ್ತಿದ್ದಳು. ಇನ್ನೊಂದು ಕಡೆ, ತನ್ನ ಸ್ತಂಭಶಾಸನದಲ್ಲಿ, ಮನುಷ್ಯನಿಗೆ ತಾನು ಮಾಡಿದ ಒಳ್ಳೆಯದು ಕಾಣುವಷ್ಟು ಸುಲಭವಾಗಿ ಕೆಟ್ಟದ್ದು ಕಾಣುವುದಿಲ್ಲ, ಅದನ್ನು ಕಾಣುವುದು ಕಷ್ಟದ ಕೆಲಸ ಎಂದೂ ಅಶೋಕ ಬರೆಸಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಇಷ್ಟು ಕಂಡವನ ಮೇಲೆ ನನಗೆ ಪ್ರೀತಿಯೇ ಇದೆ. ಆದರೆ ತಪ್ಪು ಒಪ್ಪಿಕೊಳ್ಳುವವನು ಅದನ್ನು ಯಾರ ಮುಂದೆ ಒಪ್ಪಿಕೊಂಡ ಎಂದು ಸನ್ನತಿಯಿಂದ ಬಂದ ಮೇಲೆ ನಾನು ಕೇಳತೊಡಗಿದೆ.

ಹಾಗಾದರೆ ಏನು ಮಾಡಬೇಕು ಎಂಬುದಕ್ಕೆ ವಿಮಾನ ಹಾರಿಸುವವರು ಒಂದು ದಾರಿ ಕಂಡುಕೊಂಡಿದ್ದಾರೆ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ನಿಲ್ದಾಣದಲ್ಲಿ, ದಟ್ಟ ಮಂಜಿನಲ್ಲಿ, ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ಹಾರಲು ಓಡತೊಡಗಿದ್ದ ಡಚ್ ವಿಮಾನದ ಕ್ಯಾಪ್ಟನ್ ತನ್ನ ಕಂಪನಿಯ ಅತಿ ಹಿರಿಯರಲ್ಲೊಬ್ಬ, ಬೇರೆ ಪೈಲಟ್‌ಗಳಿಗೆ ಕಲಿಸುವವನು. ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇನೋ ಎಂದು ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್ ಕೇಳಿದ. ಬಿಟ್ಟಿದೆ ಎಂದು ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದ. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಇಂಥ ಅಪಘಾತಗಳನ್ನು ನೋಡಿ 1979ರಲ್ಲಿ ನಾಸಾ ಒಂದು ಕಮ್ಮಟ ನಡೆಸಿತು. ಅದರಿಂದ ಹುಟ್ಟಿದ ತರಬೇತಿಯಲ್ಲಿ ಕಿರಿಯರಿಗೆ ಎದುರು ಹೇಳುವುದನ್ನೂ ಹಿರಿಯರಿಗೆ ಕೇಳಿಸಿಕೊಳ್ಳುವುದನ್ನೂ ರನ್‌ವೇ ಮೇಲೆ ಇಳಿಯುವುದನ್ನು ಕಲಿಸಿದಂತೆಯೇ ಅಭ್ಯಾಸ ಮಾಡಿಸುತ್ತಾರೆ. ಕ್ಯಾಪ್ಟನ್ ಒಳ್ಳೆಯವನಾಗಲಿ ಎಂದು ಹಾರೈಸಿ ಅವರು ಸುಮ್ಮನಾಗಲಿಲ್ಲ. ನನಗೆ ಇದು ಬಹಳ ಹಿಡಿಸಿದ ಸಂಗತಿ.

ನಾನು ನನ್ನ ಶಾಲೆಯಲ್ಲಿ ಮಾಡಿದ್ದು ಸಣ್ಣದು. ಸೋಮವಾರ ಮೂರೂವರೆಗೆ ಅಡುಗೆಯವರು, ಜವಾನರು, ಇಬ್ಬರು ಶಿಕ್ಷಕರು, ತರಗತಿ ನಾಯಕರು ಸೇರಿ ಹದಿನೈದು ನಿಮಿಷ ಕೂರುವುದು, ಕೊನೆಯವರು ಮಾತಾಡುವ ತನಕ ನಾನು ಬಾಯಿ ತೆಗೆಯಬಾರದು ಎಂದು ಗೊತ್ತು ಮಾಡಿದೆ. ಮೊದಲ ನಾಲ್ಕು ವಾರ ಫ್ಯಾನು ತಿರುಗುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಐದನೆಯ ವಾರ ಗಣಿತದ ಮೇಡಂ, ವೇಳಾಪಟ್ಟಿಯನ್ನು ನೀವೊಬ್ಬರೇ ಮಾಡುವುದರಿಂದ ಕಷ್ಟವಾಗುತ್ತಿದೆ ಎಂದರು. ನಾನು ನಿಯಮ ಮುರಿದು ಕೂಡಲೇ ಕಾರಣ ವಿವರಿಸತೊಡಗಿದೆ, ಒಂದಲ್ಲ ಮೂರು ಕಾರಣ. ಆಕೆ "ಸರಿ ಸರ್" ಎಂದರು. ಮುಂದಿನ ಮೂರು ವಾರ ಮತ್ತೆ ಫ್ಯಾನಿನ ಸದ್ದು. ಸಮರ್ಥಿಸಿಕೊಳ್ಳದೆ ಒಂದು ನಿಮಿಷ ಕೂರುವುದು ಎಷ್ಟು ಕಷ್ಟ ಎಂಬುದು ನನಗೆ ಆಗ ತಿಳಿಯಿತು. ಎದೆ ಬಿಸಿಯಾಗುತ್ತದೆ, ಎದುರಿಗಿರುವವರ ಹಳೆಯ ತಪ್ಪುಗಳೆಲ್ಲ ಸಾಲಾಗಿ ನೆನಪಿಗೆ ಬರುತ್ತವೆ. ದಿನಚರಿ ಬರೆಯುವಾಗ ನನಗೆ ಎಂದೂ ಹಾಗಾಗಿರಲಿಲ್ಲ.

ಅಕ್ಕಿಯ ಪ್ರಸಂಗವಾದ ವಾರವೇ ನಾನು ಆ ಎಂಟನೆಯ ತರಗತಿಯ ಹುಡುಗಿಯನ್ನು ನನ್ನ ಕೋಣೆಗೆ ಕರೆಸಿ, ತಪ್ಪು ನಂದು ಮಗಳೇ ಎಂದು ಹೇಳಿದ್ದೆ. ಅವಳು ತಲೆ ತಗ್ಗಿಸಿ "ಪರವಾಗಿಲ್ಲ ಸರ್" ಎಂದು ಹೋಗಿದ್ದಳು. ರಾತ್ರಿ ದಿನಚರಿಯಲ್ಲಿ ಅದನ್ನು ಬರೆದು ಹಗುರಾಗಿ ಮಲಗಿದ್ದೆ.

ಡಿಸೆಂಬರ್ ತಿಂಗಳ ಒಂದು ಸೋಮವಾರ, ಸಭೆ ಮುಗಿದು ಎಲ್ಲರೂ ಎದ್ದಾಗ ಅಡುಗೆಯಮ್ಮ ಬಾಗಿಲ ಹತ್ತಿರ ನಿಂತರು. ಸೆರಗನ್ನು ಕೈಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು.

"ಒಂದು ಮಾತು ಸಾ. ಆ ಮಗೀನ ಬೈದಿದ್ದು ಎಲ್ರ ಮುಂದೆ. ತೆಪ್ಪಾಯ್ತು ಅಂತ ಯೋಳಿದ್ದು ಬಾಗ್ಲಾಕ್ಕೊಂಡು. ಅವ್ಳನ್ನ ಇನ್ನೂ ಅನ್ನ ಚೆಲ್ಲೋಳು ಅಂತಾನೇ ಕರೀತಾವೆ ಹುಡುಗ್ರು."

ನನ್ನ ಎದೆ ಬಿಸಿಯಾಯಿತು. ಮಗುವಿಗೆ ಮತ್ತೆ ಮುಜುಗರವಾಗಬಾರದೆಂದೇ ಕೋಣೆಗೆ ಕರೆಸಿದ್ದು ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅದು ಸುಳ್ಳಲ್ಲದಿದ್ದರೂ ಪೂರ್ತಿ ನಿಜವೂ ಆಗಿರಲಿಲ್ಲ. ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು, "ಹೌದಮ್ಮ" ಎಂದಷ್ಟೇ ಹೇಳಿದೆ. ಆ ಸಂಜೆ ಶಾಲೆ ಬಿಡುವ ಮುಂಚೆ ಹುಡುಗಿಯನ್ನು ಕಂಡು, ನಾಳೆ ಎಲ್ಲರೆದುರು ಹೇಳಲೇ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹ್ಞೂಂ ಸರ್" ಎಂದಳು.

ಮರುದಿನ ಪ್ರಾರ್ಥನೆಯಲ್ಲಿ ನಾಡಗೀತೆಯಾದ ಮೇಲೆ ಮೈಕು ತೆಗೆದುಕೊಂಡೆ. ಜುಲೈನಲ್ಲಿ ಅನ್ನ ಚೆಲ್ಲಿದ್ದು ಅಕ್ಕಿ ಕೆಟ್ಟಿದ್ದರಿಂದ, ಅಕ್ಕಿ ನೋಡಬೇಕಾದವನು ನಾನು, ನಾನು ನೋಡಿರಲಿಲ್ಲ, ನೋಡದೆ ಒಬ್ಬ ಹುಡುಗಿಯನ್ನು ನಿಮ್ಮೆಲ್ಲರ ಎದುರು ನಿಲ್ಲಿಸಿದೆ, ಅದು ತಪ್ಪು ಎಂದೆ. ಒಂದು ನಿಮಿಷದ ಮಾತು. ಅವಳು ಮೂರನೆಯ ಸಾಲಿನಲ್ಲಿದ್ದಳು, ಪಕ್ಕದವಳು ಅವಳ ಮೊಣಕೈ ಮುಟ್ಟಿದ್ದು ಕಾಣಿಸಿತು. ಅಡುಗೆ ಮನೆಯ ಕಡೆಯಿಂದ ಸೌದೆಯ ಹೊಗೆ ಬರುತ್ತಿತ್ತು. ದೈಹಿಕ ಶಿಕ್ಷಕರು ಸೀಟಿ ಊದಿದರು, ಸಾಲುಗಳು ತರಗತಿಗಳ ಕಡೆ ಹೊರಟವು.